ನಾಳೆ ಬಾ

ಮದ್ದೂರಿನಲ್ಲಿ ನನ್ನದೊಂದು ಸ್ಟುಡಿಯೋ. ನೀಲಿ ಪರದೆ, ಒಂದು ಸ್ಟೂಲು.
ಇಪ್ಪತ್ತಾರು ವರ್ಷ ಒಂದೇ ಮಾತು ಹೇಳಿ ಹೊಟ್ಟೆ ಹೊರೆದಿದ್ದೇನೆ:
ಅಲ್ಲಾಡಬೇಡಿ. ಗದ್ದ ಒಸಿ ಮೇಲೆ. ರೆಪ್ಪೆ ಬಡಿಯಬೇಡಿ.
ಊರಿಗೆ ಊರೇ ಉಸಿರು ಹಿಡಿದು ಕೂತೆದ್ದಿದೆ ನನ್ನ ಮುಂದೆ
ಅರೆಗಳಿಗೆ.

ಈಗ ನಾನು ಕೂತಿದ್ದೇನೆ,
ಕೊಕ್ಕರೆ ಬೆಳ್ಳೂರಿನಲ್ಲಿ, ದೊಡ್ಡತಾಯಮ್ಮನವರ ಹಿತ್ತಿಲಲ್ಲಿ,
ತಿಪ್ಪೆಗುಂಡಿಯ ಪಕ್ಕ, ಹುಣಸೆಮರದ ಕೆಳಗೆ,
ಹೆಂಡತಿಗೆ ಅರ್ಧ ಬೆಲೆ ಹೇಳಿ ಕೊಂಡ ಉದ್ದ ಮೂತಿಯ ಲೆನ್ಸು ಹಿಡಿದು.
ಮೇಲೆ, ಕಡ್ಡಿಯ ಅಟ್ಟಣೆಯಿಂದ, ಹೆಜ್ಜಾರ್ಲೆ
ಒಂದೇ ಕಣ್ಣಲ್ಲಿ ನೋಡುತ್ತದೆ:
ಅಲ್ಲಾಡಬೇಡ.

ನನಗೆ ಬೇಕಾದದ್ದು ಇಷ್ಟೇ.
ತಾಯಿ ಬಾಯಿ ತೆರೆದು, ಮರಿ ಅದರ ಗಂಟಲ ಚೀಲಕ್ಕೆ ತಲೆ ತೂರುವಾಗ
ಏಳೂಕಾಲರ ಬಿಸಿಲು ಆ ಚೀಲದ ಹಿಂದಿನಿಂದ ಬರಬೇಕು,
ಲಾಟೀನಿನ ಗಾಜಿನೊಳಗೆ ಬತ್ತಿ ಕಂಡ ಹಾಗೆ
ತೆಳು ತೊಗಲಿನೊಳಗೆ ಮರಿಯ ತಲೆಯ ನೆರಳು.
ಒಂದೇ ಒಂದು ಸಲ.

ಮೊದಲ ದಿನ ಮೋಡ.
ಮರುದಿನ ಬಿಸಿಲಿತ್ತು, ಹಕ್ಕಿ ಬೆನ್ನು ಹಾಕಿತ್ತು.
ಮೂರನೇ ದಿನ ಎಲ್ಲ ಕೂಡಿಬಂತು ಎನ್ನುವಾಗ
ಡೇರಿಗೆ ಹಾಲು ಹೊತ್ತ ಮೊಪೆಡ್ಡು ಕೆಮ್ಮಿತು.
ಆಮೇಲಿನ ದಿನಗಳ ಲೆಕ್ಕ ಬಿಟ್ಟೆ.
ಹೊಂಗೆಯ ಎಳೆಚಿಗುರು ಹೊಳಪು ಕಳಕೊಂಡು ಬರೀ ಎಲೆಯಾಯಿತು,
ಬೇವಿನ ಹೂ ನನ್ನ ಬ್ಯಾಗಿನ ಜಿಪ್ಪಿನಲ್ಲಿ ಸಿಕ್ಕಿಕೊಂಡಿತು.
ಹಿತ್ತಿಲ ಬಾಗಿಲ ಮೇಲೆ ಯಾರೋ ಎಂದೋ ಸುಣ್ಣದಲ್ಲಿ ಬರೆದದ್ದು:
ನಾಳೆ ಬಾ.
ಮಾರಿಗೆ ಬರೆದದ್ದು.
ದಿನಾ ಹೋಗುವಾಗ ನಾನೇ ಓದಿಕೊಂಡೆ.

ಕತ್ತಲಕೋಣೆಯ ಕಾಲದವನು ನಾನು.
ಕೆಂಪು ದೀಪದ ಕೆಳಗೆ, ತಟ್ಟೆಯ ನೀರಲ್ಲಿ, ಖಾಲಿ ಕಾಗದ.
ಅಲುಗಿಸುತ್ತಾ ಅಲುಗಿಸುತ್ತಾ ಮೊದಲು ಹುಬ್ಬು ಬರುತ್ತಿತ್ತು,
ಆಮೇಲೆ ಮೂಗು.
ಬರದೇ ಹೋದೀತೆಂದು ಆಗ ಒಮ್ಮೆಯೂ ಅನಿಸಲಿಲ್ಲ.
ಈಗ ಗಳಿಗೆಗೊಮ್ಮೆ ಪುಟ್ಟ ಪರದೆ ನೋಡಿಕೊಳ್ಳುತ್ತೇನೆ.

ದೊಡ್ಡತಾಯಮ್ಮ ಮಜ್ಜಿಗೆ ತಂದಿಟ್ಟು ನಗುತ್ತಾರೆ:
"ಅದೇನಪ್ಪ ಇಂಗೆ ಕಾಯ್ತೀಯ, ಹೆಣ್ಣು ನೋಡಕ್ ಬಂದೋನಂಗೆ?"
ಮರದ ತುಂಬ ಹುಣಸೆ ಜೋತಿದೆ. ಗೂಡು ಬರಿದಾಗುವ ತನಕ
ಆಕೆ ಕೋಲು ಮುಟ್ಟಿಸುವುದಿಲ್ಲ,
ಸಾರಿಗೆ ಹುಣಸೆಹಣ್ಣು ಅಂಗಡಿಯಿಂದ ತರುತ್ತಾರೆ.
ಕೇಳಿದೆ, ಒಂದು ವರ್ಷ ಇವು ಬರದೇ ಹೋದರೆ?
"ಒಂದ್ ವರ್ಸ ಬರ್ನಿಲ್ಲ. ನಾನು ಮದ್ವೆಯಾಗಿ ಬಂದ್ ವರ್ಸ.
ನನ್ ಕಾಲ್ಗುಣ ಅಂದ್ರು."
ಸೆರಗಲ್ಲಿ ಲೋಟ ಒರೆಸಿದರು.
"ಮರುವರ್ಸ ಬಂದೋ. ಆಗ ಯಾರೂ ಏನೂ ಅನ್ನಿಲ್ಲ."

ಆ ಶುಕ್ರವಾರ ಆಕೆಗೆ ಪಿಂಚಣಿಗೆ ಫೋಟೋ ಬೇಕಿತ್ತು.
ಬಟ್ಟೆ ಒಣಹಾಕುವ ತಂತಿಗೆ ಬಿಳಿ ಪಂಚೆ ಇಳಿಬಿಟ್ಟು,
ಒರಳುಕಲ್ಲ ಮೇಲೆ ಕೂರಿಸಿ, ಹಳೇ ಮಂತ್ರ ಹೇಳಿದೆ.
ಅಲ್ಲಾಡಬೇಡಿ. ಗದ್ದ ಮೇಲೆ.
ಒರಳಿಗಿಂತ ಕಲ್ಲಾಗಿ ಕೂತರು.
ಆಗ ಬಿತ್ತು ಮೇಲಿನಿಂದ ಹಿಕ್ಕೆ, ಕಲಸಿದ ಸುಣ್ಣದ ಹಾಗೆ,
ಸರಿಯಾಗಿ ಎಡಹೆಗಲ ಮೇಲೆ.
ಆಕೆ ಮುಖವೆತ್ತಿ ನಕ್ಕರು,
ಹಲ್ಲಿಲ್ಲದ ಬಾಯಿ ಪೂರಾ ತೆರೆದು.
ನಾನು ಒತ್ತಲಿಲ್ಲ. ಬೆರಳು ಒತ್ತಿತ್ತು.

ಗಡಿಯಾರದಲ್ಲಿ ಏಳು ಹದಿನೇಳು.
ಮೇಲೆ ಮರಿ ಆಗಲೇ ತಲೆ ಹೊರಗೆಳೆದು
ಕೊಕ್ಕು ಒರೆಸಿಕೊಳ್ಳುತ್ತಿತ್ತು.

ಈ ಫೋಟೋ ನಡೆಯೋಲ್ಲ ಎಂದರು ನಾಡಕಚೇರಿಯಲ್ಲಿ.
ಬಾಯಿ ಮುಚ್ಚಿರಬೇಕಂತೆ.
ರಾತ್ರಿ ಸ್ಟುಡಿಯೋದ ಬಾಗಿಲೆಳೆದು ದೊಡ್ಡದು ಮಾಡಿ ನೋಡಿದೆ:
ಓಲೆಯ ಭಾರಕ್ಕೆ ಜೋತ ಕಿವಿಯ ಹಾಲೆ
ಹಿಂದಿನ ಬಿಸಿಲಿಗೆ ಕೆಂಪಗೆ,
ಒಳಗಿನ ಎಳೆನರವೂ ಕಾಣುವಷ್ಟು.
ಎಷ್ಟು ಹೊತ್ತು ನೋಡಿದೆನೋ.

ಫೋನು ಮಾಡಿದೆ. ಇನ್ನೊಂದು ತೆಗೀಬೇಕಂತಮ್ಮ, ನಾಳೆ ಬರಲಾ?
"ಬಾರಪ್ಪ," ಅಂದರು.
"ಹಳೇ ಸೀರೆ ಉಟ್ಕಂಡಿರ್ತೀನಿ."