ಕ್ಷ

ಹಗಲಿಡೀ ನನ್ನ ಕೆಲಸ ನೆರಳು ಹಿಡಿಯುವುದು.
‘ಉಸಿರು ಕಟ್ಟಿ. ಅಲುಗಾಡಬೇಡಿ. ಹಾಂ, ಬಿಡಿ.’
ವಯಾಲಾದ ಆಸ್ಪತ್ರೆಯಲ್ಲಿ ಹತ್ತೊಂಬತ್ತು ವರ್ಷ
ಉಕ್ಕಿನ ಕಾರ್ಖಾನೆಯವರ ಪಕ್ಕೆಲುಬು, ಮಣಿಕಟ್ಟು,
ಮಗುವೊಂದು ನುಂಗಿದ ಐದು ಸೆಂಟಿನ ನಾಣ್ಯ.
ಅಲ್ಲಿ ಪ್ರತಿ ಬಿಳಿಗೂ ಒಂದು ಹೆಸರಿರಬೇಕು,
ಕಪ್ಪಿಗೊಂದು ಕಾರಣ.
ಎಡ ಬಲದ ಗುರುತು ಹಾಕದೆ ಕಳಿಸಿದರೆ
ಮರುದಿನ ವಿಚಾರಣೆ.

ಸಂಜೆ ಕಾರನ್ನು ಬೀದಿಯಲ್ಲಿ ಬಿಟ್ಟು
ಶೆಡ್ಡಿನಲ್ಲಿ ಹಳೆಯ ಬಾಗಿಲೊಂದನ್ನು ಮಲಗಿಸುತ್ತೇನೆ.
ಮೊದಲು ಪ್ಲಾಸ್ಟರ್ ಪಟ್ಟಿ, ಅವಧಿ ಮುಗಿದದ್ದು,
ನೀರಿಗದ್ದಿ, ಮುದುರಿದ್ದು ಮುದುರಿದ ಹಾಗೇ.
ಮೇಲೆ ಚಹಾ ಚೀಲದ ಕಾಗದ, ಉಪ್ಪುಕಾಗದದ ಚೂರು,
ಕಿತ್ತ ರವಿಕೆಯ ಹುಕ್ಕು, ಮೀನುಬಲೆಯ ತುಂಡು.
ಅಂಗಡಿಯ ಗೋಂದು ನನಗೆ ಒಗ್ಗದು,
ಮಿಕ್ಕ ಅನ್ನ ಕಿವುಚಿ ಗಂಜಿ ಕಾಯಿಸುತ್ತೇನೆ.
ಕೆಂಪು ಮಾತ್ರ ಕೊಳ್ಳಬೇಕಿಲ್ಲ.
ಗಾಳಿ ಈ ಕಡೆ ತಿರುಗಿದ ದಿನ
ಅದಿರಿನ ಧೂಳು ಕಿಟಕಿಯ ಅಂಚಿನಲ್ಲೇ ಕೂತಿರುತ್ತದೆ.

ಊರ ಲೈಬ್ರರಿಯಲ್ಲಿ ಪ್ರದರ್ಶನವಂತೆ. ಅರ್ಜಿಯಲ್ಲೊಂದು ಚೌಕ:
ಕೃತಿಯ ಆಶಯ, ಐವತ್ತು ಪದ ಮೀರದಂತೆ.
ಅರ್ಜಿಯನ್ನೇ ಹರಿದು ಅಂಟಿಸಿದೆ.
ಆ ಚೌಕ ಚೆನ್ನಾಗಿತ್ತು.

ಪಕ್ಕದ ಮನೆಯ ಗ್ಲೆನಿಸ್ ಬೇಲಿಗೆ ಮೊಣಕೈ ಊರಿ,
‘ಏನದು? ಸಮುದ್ರವಾ?’
ಇರಬಹುದು.
‘ಅಲ್ಲ, ಬೆಂಕಿ ಬಿದ್ದ ಹೊಲ.’
ಅದೂ ಇರಬಹುದು.
ನನ್ನದು ಅಡ್ಡಗೋಡೆಯ ಮೇಲಿಟ್ಟ ದೀಪ;
ಬೀಳಲಿ, ಅವಳ ಅಂಗಳಕ್ಕೂ ಒಂದಿಷ್ಟು.
‘ಯಾವ ಬದಿ ಮೇಲೆ, ಅದಾದರೂ ಹೇಳು ಮಾರಾಯ್ತಿ.’
ನನಗೂ ಗೊತ್ತಿಲ್ಲ ಅಂದೆ. ನಕ್ಕಳು.
ಮರುದಿನ ಅರ್ಧ ಡಬ್ಬಿ ಹಸಿರು ತಂದಿಟ್ಟಳು,
ಗಂಡನ ದೋಣಿಗೆ ಬಳಿದು ಉಳಿದದ್ದು.
ದೋಣಿ ಮಾರಿ ಆರು ವರ್ಷ.
ಗಂಡನ ಮಾತು ಅವಳೂ ಎತ್ತಲಿಲ್ಲ, ನಾನೂ.

ನನ್ನ ಬಾಗಿಲಲ್ಲೂ ಒಂದಿದೆ, ಕೆಳಗಿನ ಪದರದಲ್ಲಿ:
ತಂಗಿ ವನಜಾಕ್ಷಿಗೆ ಬರೆದು ಅಂಚೆಗೆ ಹಾಕದ ಕಾಗದ.
ಅವಳ ತಪ್ಪು ನಾಲ್ಕು ಸಾಲು,
ನನ್ನದು ಎರಡೂವರೆ ಪುಟ.
ಬರಹದ ಬದಿ ಒಳಗೆ ಮಾಡಿ ಗಂಜಿ ಸವರಿದ್ದೆ.
ಮಾತಲ್ಲಿ ಹೇಳಹೋದರೆ ನಾನು ಬಣ್ಣ ಕಟ್ಟುತ್ತೇನೆ.
ಬಣ್ಣ ಕೈಗೆತ್ತಿಕೊಂಡರೆ
ಅದು ಅಷ್ಟು ಸುಲಭಕ್ಕೆ ಆಗುವುದಿಲ್ಲ.

ಮೊನ್ನೆ ಗ್ಲೆನಿಸಳ ಹಸಿರು ಅತಿಯಾಯಿತೆಂದು
ಉಪ್ಪುಕಾಗದ ಹಿಡಿದು ತಿಕ್ಕಿದೆ.
ಹಸಿರು ಹೋಯಿತು, ಕೆಂಪು ಹೋಯಿತು,
ಯಾವತ್ತು ಬಳಿದಿದ್ದೆನೋ, ಒಂದು ಹಳದಿ
ಬಂದು, ನೋಡಿ, ಅದೂ ಹೋಯಿತು.
ಗಂಜಿಯ ರುಚಿ ಹತ್ತಿದ ಬೆಳ್ಳಿಹುಳ
ಅಂಚಿನಿಂದ ನುಗ್ಗಿ ಕಾಗದವನ್ನೆಲ್ಲ ಜರಡಿ ಮಾಡಿತ್ತು.
ಉಳಿದದ್ದು ಒಂದೇ ಅಕ್ಷರ,
ಮಸಿ ಇಂಗಿ ಹಿಂಬದಿಗೆ ಮೂಡಿದ್ದು,
ಕನ್ನಡಿಯೊಳಗಿನಂತೆ ತಿರುಗಿದ್ದು:
ಕ್ಷ.

ಅವಳ ಹೆಸರಿನದೋ,
ಎರಡೂವರೆ ಪುಟ ಸುತ್ತಿ ಸುತ್ತಿ
ಕೊನೆಗೆ ಬರೆದೇಬಿಟ್ಟ ಆ ಇನ್ನೊಂದು ಮಾತಿನದೋ.
ನನ್ನ ಹೊಟ್ಟೆ ಹೊರೆವ ಕಿರಣದ ಮುಂದೂ ಅದೇ ಅಕ್ಷರ.
ಶಾಲೆಯ ಲೆಕ್ಕದಲ್ಲಿ ಬೆಲೆ ತಿಳಿಯದ್ದಕ್ಕೂ.

ಅಷ್ಟು ಜಾಗ ಬಿಟ್ಟು ಸುತ್ತ ವಾರ್ನಿಷ್ ಎಳೆದೆ.
ಅಭ್ಯಾಸಬಲ, ಮೂಲೆಯಲ್ಲಿ ‘ಎಡ’ ಎಂದು ಗುರುತಿಟ್ಟೆ,
ಯಾರ ಎಡ ಎಂದು ಬರೆಯಲಿಲ್ಲ.
ಹೊರಗೆ ಗಾಳಿ ತಿರುಗುತ್ತಿತ್ತು.
ಹಸಿ ಮೈಮೇಲೆ ಧೂಳು ಕೂರುವ ಮೊದಲು
ಶೆಡ್ಡಿನ ಕದ ಎಳೆದುಕೊಳ್ಳಬೇಕು.
ಕೈ ತೊಳೆಯುತ್ತ ನಿಂತೇ ಇದ್ದೆ.