ಗಾರೆ ಬೊಂಬೆಗಳ ಲೆಕ್ಕ

ಯುದ್ಧ ನಡೆದಷ್ಟು ದಿನ
ತಾಮ್ರ ತವರವೆಲ್ಲ ಗುಂಡಿಗೆ ಬೇಕಾಯಿತು.
ಹಾಗಾಗಿ ಹಾಲಿವುಡ್ಡಿನಲ್ಲಿ ಗೆದ್ದವರಿಗೆ
ಗಾರೆಯ ಬೊಂಬೆ ಕೊಟ್ಟರು,
ಮೇಲೊಂದು ಕೈ ಚಿನ್ನದ ಬಣ್ಣ.
ಯುದ್ಧ ಮುಗಿಯಿತು, ಮನೆಮನೆಗೆ ಕಾಗದ ಹೋಯಿತು:
ಹಳೆಯದು ತಂದುಕೊಡಿ,
ಲೋಹದ್ದು ಒಯ್ಯಿರಿ.

ಆ ಮೇಜಿನ ಹಿಂದೆ ಕೂತವಳು ನಾನು, ಡಾರ್ಕಸ್ ಪೆಲಮ್.
ರಸೀದಿ ಪುಸ್ತಕ, ಮೊಂಡು ಪೆನ್ಸಿಲು,
ಕಿಟಕಿಯಾಚೆ ಪೆಟ್ರೋಲ್ ಬಂಕು.

ಬರುತ್ತಿದ್ದರು.
ಒಬ್ಬ ನಟಿಯ ಕಾರು ಚಾಲಕ ರೇಷ್ಮೆಯಲ್ಲಿ ಸುತ್ತಿ ತಂದ,
ನಿದ್ದೆಹೋದ ಕೂಸನ್ನು ತರುವ ಹಾಗೆ.
ಒಬ್ಬ ನಿರ್ಮಾಪಕ
ಮುಂಡ ಚೀಲದಲ್ಲಿ, ತಲೆ ಕೋಟಿನ ಜೇಬಿನಲ್ಲಿ.
"ಕುಡಿದಿದ್ದೆ" ಅಂದ.
ಬರೆದುಕೊಂಡೆ: ಒಂದು.
ತಲೆಗೆ ಬೇರೆ ಲೆಕ್ಕವಿಲ್ಲ.

ಸದ್ದಿನ ಮನುಷ್ಯ ವೆಂಡೆಲ್ ಓಕರ್‌ಲುಂಡ್ ಬಂದದ್ದು
ಅಕ್ಟೋಬರಿನ ಬಿಸಿಗಾಳಿಯ ದಿನ,
ಕಂಕುಳಲ್ಲಿ ಬೂಟಿನ ಡಬ್ಬಿ.
ತೆಂಗಿನ ಚಿಪ್ಪಲ್ಲಿ ಕುದುರೆ ಓಡಿಸುವವ,
ಜೋಳದ ಹಿಟ್ಟಿನ ಚೀಲ ಹಿಸುಕಿ
ಹಿಮದ ಮೇಲೆ ನಾಯಕಿಯನ್ನು ನಡೆಸುವವ,
ಸೊಪ್ಪಿನ ದಂಟು ಲಟಕ್ಕನೆ ಮುರಿದು ಖಳನ ಕತ್ತು ಮುರಿಯುವವ.
ದೇಶವೆಲ್ಲ ಕೇಳಿದೆ ಅವನನ್ನು, ಕಂಡವರಿಲ್ಲ.

ಹೊಸದನ್ನು ಮುಂದಿಟ್ಟೆ.
ನೋಡಲಿಲ್ಲ, ಬೆರಳ ಗೆಣ್ಣಿನಿಂದ ತಟ್ಟಿದ.
ಠಣ್.
ತನ್ನದನ್ನು ತಟ್ಟಿದ.
ದೊಪ್. ನಿನ್ನೆಯ ರೊಟ್ಟಿಯ ಹಾಗೆ.
"ಇದು ಬಡಾಯಿ ಕೊಚ್ಚೋದಿಲ್ಲ" ಅಂದ.

ಹಳೆಯದನ್ನೇ ಅಪ್ಪಿಕೊಂಡು ಹೋಗುತ್ತಾನೆ ಅಂದುಕೊಂಡೆ,
ಸಿನಿಮಾದಲ್ಲಾದರೆ ಹಾಗೇ ಆಗುತ್ತಿತ್ತು.
ಲೋಹದ್ದನ್ನು ಡಬ್ಬಿಗೆ ತುರುಕಿ ರುಜು ಹಾಕಿದ:
"ಗಾಳಿಗೆ ಅಡುಗೆಮನೆ ಬಾಗಿಲು ಬಡಿದುಕೊಳ್ಳುತ್ತೆ,
ನನ್ನವಳಿಗೆ ಭಾರದ್ದೇನಾದರೂ ಬೇಕಂತೆ."

ಹೊಸ್ತಿಲಲ್ಲಿ ತಿರುಗಿದ.
ಈ ಹಳೆಯವನ್ನೆಲ್ಲ ಏನು ಮಾಡುತ್ತೀರಿ?
ಒಡೆಯುತ್ತೇವೆ, ಅಂದೆ. ಶನಿವಾರ, ಹಿತ್ತಲಲ್ಲಿ.
ಗೆಲುವು ಗುಜರಿಯಲ್ಲಿ ಬಿಕರಿಗೆ ಬರಬಾರದಂತೆ.
ಅವನ ಮುಖ ಹಾಗೇ ಇತ್ತು,
ಕಿವಿ ಮಾತ್ರ ಎದ್ದು ಕೂತಿತು.

ಶನಿವಾರ ಬಂದ. ಮೈಕು, ಸುರುಳಿ ತಂತಿ, ಕುದುರೆ ಕಂಬಳಿ.
ಸುತ್ತಿಗೆ ಹಿಡಿದ ಕಾವಲುಗಾರ ತಿಬುರ್ಸಿಯೊಗೆ
ಮೇಳ ಕಲಿಸುವಂತೆ ಹೇಳಿಕೊಟ್ಟ:
ಮೊದಲು ಒಂದು. ನಿಲ್ಲು.
ಮತ್ತೆ ಎರಡು.
ಆಮೇಲೆ ಮೇಲಿಂದ ರಾಶಿರಾಶಿ ಸುರಿ, ಉಸಿರು ಬಿಡಬೇಡ.

ನಲವತ್ತೊಂದು ಗೆಲುವು ಮುಗಿಯಲು
ನಾಲ್ಕು ನಿಮಿಷ ಸಾಕಾಯಿತು.
ಒಡೆದ ಎದೆಗಳೊಳಗೆ ಗೋಣಿ ನಾರು, ತುಕ್ಕು ತಂತಿ.
ಕೊನೆಯದು ಅವನದೇ.
ಅದನ್ನು ತಾನೇ ಕೈಬಿಟ್ಟ ಎದೆಯೆತ್ತರದಿಂದ,
ಕಣ್ಣು ಮುಚ್ಚಿಕೊಂಡು,
ದುಃಖಕ್ಕಲ್ಲ, ಚೆನ್ನಾಗಿ ಕೇಳಲಿ ಅಂತ.

ಎರಡು ವರ್ಷದ ಮೇಲೆ ಪಸಡೀನಾದ ಒಂದು ಚಿತ್ರಮಂದಿರ,
ಮಧ್ಯಾಹ್ನದ ಆಟ, ಅಗ್ಗದ ಸೀಟು.
ಪರದೆಯ ಮೇಲೆ ಲಂಡನ್. ರಾತ್ರಿ. ಬಾಂಬು.
ಒಂದು ಮನೆ ಕುಸಿಯುತ್ತಿದೆ:
ಮೊದಲು ಒಂದು ಚೂರು.
ಮೌನ.
ಮತ್ತೆ ಎರಡು.
ಆಮೇಲೆ ಸೂರಿಗೆ ಸೂರೇ ಧೊಧೊ ಎಂದು.
ಪಕ್ಕದ ಹೆಂಗಸು ಕರವಸ್ತ್ರ ಬಾಯಿಗೆ ಒತ್ತಿಕೊಂಡಳು,
ಯಾರನ್ನು ಕಳೆದುಕೊಂಡಿದ್ದಳೋ, ಎಲ್ಲಿಯೋ.
ನನಗೋ ನಗು ತಡೆಯದು:
ಅಗೋ ಆ ನಿರ್ಮಾಪಕನ ತಲೆ!
ಅಗೋ ನಟಿಯ ರೇಷ್ಮೆ ಕೂಸು!
ಕತ್ತಲಲ್ಲಿ ತುಟಿ ಕಚ್ಚಿ ಎಣಿಸುತ್ತಿದ್ದೆ,
ಮೂವತ್ತೆಂಟು, ಮೂವತ್ತೊಂಬತ್ತು, ನಲವತ್ತು.

ಧೂಳು ಇಳಿಯಿತು.
ಎಲ್ಲ ಮುಗಿಯಿತು ಅನ್ನುವಾಗ
ಹೊಗೆಯ ಹಿಂದೆಲ್ಲೋ, ಮಗುವಿನ ಕೋಣೆ ಇದ್ದ ಕಡೆಯಿಂದ,
ಒಂದೇ ಒಂದು
ದೊಪ್.

ನಗು ಗಂಟಲಲ್ಲೇ ಉಳಿಯಿತು.

ಆ ವರ್ಷದ ಪಟ್ಟಿಯಲ್ಲಿ ಅವನ ಹೆಸರಿರಲಿಲ್ಲ.
ಟೈಪು ಮಾಡಿದವಳು ನಾನೇ,
ಎರಡು ಸಲ ನೋಡಿದೆ.