ಆರಿಸೂದು

ಗುಳೇದಗುಡ್ಡದ ಖಣದಂಗಡಿ ವೆಬ್‌ಸೈಟು
ಸಂಜಿ ಆರಕ್ಕ ಬೆಳ್ಳಗಾತು.
ತಪ್ಪು ಅಂತ ಸೈತ ಬರೀಲಿಲ್ಲ, ಬರೇ ಬಿಳಿ.
ಸಂಗನಬಸಪ್ಪ ಕಾಕಾ ಮೂರನೇ ಸಲ ಫೋನ್ ಹಚ್ಚಿದ:
'ಎಳಿ ಎಲ್ಲಿ ಕಡದೈತಿ ನೋಡವಾ, ಫರ್ಜಾನಾ.'

ಹದಿನೇಳೂ ಪ್ಲಗಿನ್ ಆರಿಸಿದೆ.
ಖಣ ಬಂದ್ವು, ಬೆಲೆ ಇಲ್ಲದ.
ಒಂದು ಹಚ್ಚು, ಪುಟ ತೆಗಿ, ನೋಡು.
ಇನ್ನೊಂದು ಹಚ್ಚು, ನೋಡು.
ಚಾ ಆರಿತು. ಓಣ್ಯಾಗ ಕಡೀ ಮಗ್ಗಾನೂ ನಿಂತಿತು.

ಹನ್ನೊಂದನೇದು ಅಂಚೆ ಖರ್ಚು ಕೂಡಿಸೂದು,
ನಾಲ್ಕನೇದು ರಿಯಾಯಿತಿ ಕಳಿಯೂದು.
ಬಿಡಿಬಿಡಿಯಾಗಿ ಬಂಗಾರ;
ಕೂಡಿದರ ಗ್ವಾಡಿಗೆ ಸುಣ್ಣ.
ಎರಡೂ ಒಂದ ಡಬ್ಬಿಗೆ ಕೈ ಹಾಕಿದ್ವು,
ಅದರ ಹೆಸರು 'ಒಟ್ಟು'.

ರಿಯಾಯಿತಿ ತಗದೆ.
'ಗಿರಾಕಿ ಕೇಳಿದ್ರ?'
'ಬಾಯಿಲೆ ಹೇಳ್ರಿ, ಕಾಕಾ.
ಮೊದಲೆಲ್ಲಾ ಹಂಗ ಹೇಳ್ತಿದ್ರೆಲ್ಲ.'